ವಾಯಿದೆಗೆ ಹೊರಟವರು

ಉಮ್ಮತ್ತೂರಿನಲ್ಲಿ ಬೆಳಿಗ್ಗೆ ಬಸ್ಸಿಗೆ ಕಾಯುವವರ ನಡುವೆ ಕೋರ್ಟಿಗೆ ಹೊರಟವರನ್ನು ಗುರುತಿಸುವುದು ಕಷ್ಟವಲ್ಲ. ಒಗೆದು ಮಡಿಸಿಟ್ಟಿದ್ದ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕವರು. ಕವರಿನೊಳಗೆ ಪಹಣಿ, ಆಧಾರ್ ಕಾರ್ಡಿನ ಜೆರಾಕ್ಸು, ಎರಡು ಪಾಸ್‌ಪೋರ್ಟ್ ಸೈಜಿನ ಫೋಟೋ, ಮಡಿಕೆಯ ಗೆರೆಯಲ್ಲೇ ಹರಿಯತೊಡಗಿದ ಸಮನ್ಸು. ಸಂತೆಗೆ ಹೊರಟವರು ಜೋರಾಗಿ ಮಾತಾಡುತ್ತಿರುತ್ತಾರೆ. ವಾಯಿದೆಗೆ ಹೊರಟವರು ಪಕ್ಕದವರನ್ನು ಪದೇ ಪದೇ ಗಂಟೆ ಎಷ್ಟೆಂದು ಕೇಳುತ್ತಿರುತ್ತಾರೆ.

ಅರಿಸಿನ ಬೇಯಿಸುವ ಕಾಲ. ಊರಾಚೆ ಕಣಗಳಿಂದ ಹಬೆ ಏಳುತ್ತದೆ. ಮಣ್ಣು, ಸೌದೆ ಹೊಗೆ, ಬೆಂದ ಕೊಂಬು ಮೂರೂ ಬೆರೆತ ವಾಸನೆ ಬಸ್ ನಿಲ್ದಾಣದವರೆಗೂ ಬರುತ್ತದೆ. ಅತ್ತ ಕೃಷ್ಣಮೃಗಗಳು ಮೇಯುವ ಕುರುಚಲು ಗುಡ್ಡ, ಇತ್ತ ಊರು ಕಾಯುವ ಉರುಕಾತೇಶ್ವರಿ. ಒಂದು ಕಾಲಕ್ಕೆ ಇದು ಪಾಳೆಯಗಾರರ ರಾಜಧಾನಿ. ವಿಜಯನಗರಕ್ಕೆ ಕಪ್ಪ ಕೊಡಲು ಒಪ್ಪದೆ ತಲೆಯೆತ್ತಿದ್ದ ಉಮ್ಮತ್ತೂರಿನ ಗಂಗರಾಜನನ್ನು ಅಡಗಿಸಲು ಕೃಷ್ಣದೇವರಾಯನೇ ದಂಡೆತ್ತಿ ಬರಬೇಕಾಯಿತು. 1512ರ ಹೊತ್ತಿಗೆ ಶಿವನಸಮುದ್ರದ ಕೋಟೆ ಬಿದ್ದಿತು. ಅಂದು ನ್ಯಾಯ ಹೇಳುವವನೂ ದಂಡ ಹಾಕುವವನೂ ಒಬ್ಬನೇ, ಅವನ ಮಾತಿನ ಮೇಲೆ ಮಾತಿಲ್ಲ. ಇಂದಿಗೂ ಈ ಸೀಮೆಯಲ್ಲಿ ಕುಲದ ಯಜಮಾನರು ನ್ಯಾಯ ಸೇರಿಸುವುದುಂಟು, ತಪ್ಪು ದಂಡ ಕಟ್ಟಿಸುವುದುಂಟು. ಆದರೆ ರಕ್ತ ಬಂದ ಮೇಲೆ, ಪೊಲೀಸು ಬಂದ ಮೇಲೆ, ಎಲ್ಲರೂ ಹತ್ತುವುದು ಸಂತೇಮರಹಳ್ಳಿ ಹಾದು ಚಾಮರಾಜನಗರಕ್ಕೆ ಹೋಗುವ ಈ ಬಸ್ಸನ್ನೇ.

ನನ್ನ ಪಕ್ಕ ಕೂತ ಹಿರಿಯರು ಕವರನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದಿದ್ದರು. ಕೇಸು ಅವರದ್ದಲ್ಲ.

"ನಮ್ಮಕ್ಕನ ಮಗ ಕನಪ್ಪ. ಬದುನ ಗಲಾಟ. ಜಾಮೀನ್ಗ ನಾನೇ ನಿಂತಿವ್ನಿ. ಅವ್ನು ಬರ್ನಿಲ್ಲ ಅಂದ್ರ ನನ್ ಪಾಣಿ ಮ್ಯಾಲ ಬಂದ್ಬುಡ್ತದ."

ಅಷ್ಟು ಹೇಳಿ ಕವರನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡರು. ಎರಡು ಎಕರೆ ಖುಷ್ಕಿ, ಅದರ ಒಂದು ಹಾಳೆ. ದೇಶದ ಅಪರಾಧ ನ್ಯಾಯವ್ಯವಸ್ಥೆ ಎಂದು ದೊಡ್ಡವರು ಕರೆಯುವುದು ಹಳ್ಳಿಯವರ ಕೈಗೆ ಸಿಕ್ಕುವುದು ಹೀಗೆ, ಜಾಮೀನಿಗೆ ಇಟ್ಟ ಪಹಣಿಯಾಗಿ.

ಚಾಮರಾಜನಗರ 1997ರ ಆಗಸ್ಟ್ 15ರಂದು ಜಿಲ್ಲೆಯಾಯಿತು. ಅದಕ್ಕೆ ಮೊದಲು ಇದೆಲ್ಲ ಮೈಸೂರು ಜಿಲ್ಲೆ. ದೊಡ್ಡ ಕೇಸೆಂದರೆ ಮೈಸೂರಿಗೇ ಓಡಬೇಕಿತ್ತು. ಈಗ ಕೋರ್ಟಿನ ಆವರಣದಲ್ಲಿ ಹತ್ತೂವರೆಗೆಲ್ಲ ಬೈಕುಗಳು ಸಾಲುಗಟ್ಟಿರುತ್ತವೆ. ಮರದ ಬುಡದಲ್ಲಿ ಒಂದು ಕಡೆ ಫಿರ್ಯಾದಿಯ ಕಡೆಯವರು, ಇನ್ನೊಂದು ಕಡೆ ಆರೋಪಿಯ ಕಡೆಯವರು, ನಡುವೆ ಇಬ್ಬರಿಗೂ ಟೀ ಕೊಡುವ ಹುಡುಗ. ಡಲಾಯತ ಬಾಗಿಲಿಗೆ ಬಂದು ಹೆಸರು ಕೂಗುತ್ತಾನೆ. ಕೂಗಿಸಿಕೊಂಡವನು ಚಪ್ಪಲಿ ಹೊರಗೆ ಬಿಟ್ಟು ಓಡುತ್ತಾನೆ. ಬಿಡಬೇಕೆಂದು ಯಾರೂ ಹೇಳಿರುವುದಿಲ್ಲ. ಒಳಗೆ ಕಟಕಟೆಯ ಬಳಿ ಕೈಕಟ್ಟಿ ನಿಂತು, ಹಾಜರಿ ಹಾಕಿ, ಮುಂದಿನ ತಾರೀಖು ಕೇಳಿಸಿಕೊಂಡು ಹೊರಗೆ ಬರುತ್ತಾನೆ. ಅರ್ಧ ದಿನದ ಕೂಲಿ, ಬಸ್ ಚಾರ್ಜು, ವಕೀಲರ ಗುಮಾಸ್ತನಿಗೆ ಒಂದಿಷ್ಟು. ಸಾಕ್ಷಿ ಬಂದಿಲ್ಲ, ವಾಯಿದೆ ಮುಂದಕ್ಕೆ.

ವಕೀಲರ ಮೇಜಿನ ಮೇಲೆ ಈಗ ಎರಡು ಬಗೆಯ ಪುಸ್ತಕ. ಒಂದು ಬೆನ್ನು ಕಿತ್ತ ಹಳೆಯ ದಂಡ ಸಂಹಿತೆ, ಇನ್ನೊಂದು ಹೊಳೆಯುವ ರಟ್ಟಿನ ಭಾರತೀಯ ನ್ಯಾಯ ಸಂಹಿತೆ. ನಡುವೆ ಒಂದು ಲ್ಯಾಮಿನೇಷನ್ ಹಾಳೆ: ಕೊಲೆ ಹಳೆಯದರಲ್ಲಿ 302, ಹೊಸದರಲ್ಲಿ 103, ಮೋಸ 420, ಈಗ 318, ಕಳವು 379, ಈಗ 303. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆ, ಆಮೇಲಿನದಕ್ಕೆ ಹೊಸದು. ಬಸ್ಸಿನಲ್ಲಿ ಸಿಕ್ಕ ಹಿರಿಯರಿಗೆ ವಕೀಲರು ಸಮಾಧಾನ ಹೇಳುತ್ತಿದ್ದರು.

"ಯಜಮಾನ್ರೇ, ನಿಮ್ಮ ಹುಡುಗನ್ದು ಹಳೇ ಕೇಸು. ಹಳೇ ನಂಬರೇ ನಡೀತದೆ."

"ಯಾವ್ ನಂಬ್ರಾದ್ರೇನ ಬುದ್ಧಿ, ಮುಗ್ದೋದ್ರ ಸಾಕು."

ಮುಗಿಯುವ ದಾರಿ ಹೊಸ ಕಾನೂನುಗಳಲ್ಲಿ ಸ್ವಲ್ಪ ಇದೆ ಎಂಬುದನ್ನು ಒಪ್ಪಲೇಬೇಕು. ವಾದ ಮುಗಿದ 30 ದಿನದಲ್ಲಿ, ಕಾರಣ ಬರೆದಿಟ್ಟರೆ 45 ದಿನದಲ್ಲಿ, ತೀರ್ಪು ಹೇಳಬೇಕು. ಕಕ್ಷಿದಾರನ ಕೈಮೀರಿದ ಕಾರಣವಿದ್ದರೂ ಎರಡು ಸಲಕ್ಕಿಂತ ಹೆಚ್ಚು ವಾಯಿದೆ ಕೊಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದ ವಿಚಾರಣಾಧೀನ ಕೈದಿ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಬಾಂಡ್ ಬರೆಸಿಕೊಂಡು ಅವನನ್ನು ಬಿಡಬೇಕು. ಮರಣದಂಡನೆ, ಜೀವಾವಧಿ ಬೀಳುವಂಥ ಕೇಸಿಗೆ ಇದಿಲ್ಲ. ಹಳೆಯ ಕೇಸುಗಳ ಕೈದಿಗಳಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ಹೇಳಿತು. ಒಳ್ಳೆಯ ಮಾತುಗಳು. ಜಾರಿಯಾದರೆ ಈ ಆವರಣದ ಮರದ ನೆರಳು ಅರ್ಧ ಖಾಲಿಯಾಗುತ್ತದೆ.

ಆದರೆ ಈ ಹೊಸ ಕಾನೂನುಗಳು ಹುಟ್ಟಿದ ಬಗೆ ನೆನಪಾದರೆ ಮನಸ್ಸಿಗೆ ಕಸಿವಿಸಿ. 2023ರ ಆಗಸ್ಟ್ 11ರಂದು ಇವುಗಳ ಮೂರು ಮಸೂದೆಗಳು ಲೋಕಸಭೆಗೆ ಬಂದವು, ಸ್ಥಾಯಿ ಸಮಿತಿಗೆ ಹೋದವು, ಹಿಂದಕ್ಕೆ ಪಡೆದು ತಿದ್ದಿ ಡಿಸೆಂಬರ್ 12ರಂದು ಮತ್ತೆ ಮಂಡನೆಯಾದವು. ಮರುದಿನವೇ ಇಬ್ಬರು ಯುವಕರು ಸಂದರ್ಶಕರ ಗ್ಯಾಲರಿಯಿಂದ ಸದನಕ್ಕೆ ಧುಮುಕಿ ಹೊಗೆಯ ಡಬ್ಬಿ ಸಿಡಿಸಿದರು. ಗೃಹ ಸಚಿವರು ಬಂದು ಹೇಳಿಕೆ ಕೊಡಬೇಕೆಂದು ವಿರೋಧ ಪಕ್ಷದವರು ಪಟ್ಟು ಹಿಡಿದರು, ಫಲಕ ಹಿಡಿದರು. ಆ ಅಧಿವೇಶನದಲ್ಲಿ ಎರಡೂ ಸದನಗಳಿಂದ ಒಟ್ಟು 146 ಸದಸ್ಯರು ಅಮಾನತಾದರು. ಅಷ್ಟೊಂದು ಕುರ್ಚಿಗಳು ಖಾಲಿಯಿರುವಾಗಲೇ ಡಿಸೆಂಬರ್ 20ರಂದು ಲೋಕಸಭೆಯೂ 21ರಂದು ರಾಜ್ಯಸಭೆಯೂ ಧ್ವನಿಮತದಿಂದ ಒಪ್ಪಿಗೆ ಕೊಟ್ಟವು. ಡಿಸೆಂಬರ್ 25ಕ್ಕೆ ರಾಷ್ಟ್ರಪತಿಗಳ ಅಂಕಿತ. ಮಾತಾಡಿದವರು ಇದ್ದರು, ಗೃಹ ಸಚಿವರ ಉತ್ತರವೂ ದೀರ್ಘವಾಗಿತ್ತು. ಆದರೆ ತಕರಾರು ಎತ್ತಬೇಕಾದ ಬಹುಪಾಲು ಮಂದಿ ಬಾಗಿಲ ಹೊರಗಿದ್ದರು. 2002ರಲ್ಲಿ ಭಯೋತ್ಪಾದನೆ ತಡೆಯ ಪೋಟಾ ಮಸೂದೆ ರಾಜ್ಯಸಭೆಯಲ್ಲಿ ಬಿದ್ದಾಗ ಎರಡೂ ಸದನಗಳ ಜಂಟಿ ಅಧಿವೇಶನ ಕರೆದು, ವಾದಿಸಿ, ತಲೆ ಎಣಿಸಿದ್ದರು: ಪರ 425, ವಿರುದ್ಧ 296. ಆ ಕಾನೂನು ನನಗೆ ಒಪ್ಪಿಗೆಯಿರಲಿಲ್ಲ. ಅದರ ಮೇಲೆ ನಡೆದ ಚರ್ಚೆಗೆ ಮಾತ್ರ ಇವತ್ತಿಗೂ ಗೌರವವಿದೆ.

ದೆಹಲಿಯಲ್ಲಿ ಬರೆದ ಒಂದು ಕಾನೂನು ಹಳ್ಳಿಯ ಮೇಲೆ ಬಿದ್ದರೆ ಏನಾಗುತ್ತದೆಂದು ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ಉಮ್ಮತ್ತೂರಿನಿಂದ ಪೂರ್ವಕ್ಕೆ, ಕೊಳ್ಳೇಗಾಲ ದಾಟಿ, ಹನೂರು, ರಾಮಾಪುರ, ಮೀಣ್ಯಂ, ಮಾರ್ಟಳ್ಳಿ, ಪಾಲಾರ್. 1992ರ ಮೇ ತಿಂಗಳಲ್ಲಿ ಕಾಡುಗಳ್ಳ ವೀರಪ್ಪನ್ ತಂಡ ರಾಮಾಪುರ ಠಾಣೆಗೆ ನುಗ್ಗಿತು. ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಜೊತೆಗಿದ್ದ ಪೊಲೀಸರು ಗುಂಡಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಆಮೇಲೆ ಈ ಹಳ್ಳಿಗಳ ಮೇಲೆ ಬಂದದ್ದು ಟಾಡಾ, ಭಯೋತ್ಪಾದನೆ ತಡೆಯುವ ಕಾಯ್ದೆ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಅದರಡಿ ಸಾಕ್ಷಿಯಾಗುತ್ತಿತ್ತು, ಜಾಮೀನು ಗಗನಕುಸುಮ. ಕಾಡಂಚಿನ ಹಳ್ಳಿಗಳ ಬಡವರು, ಹೆಂಗಸರೂ ಸೇರಿ, ಮೈಸೂರು ಜೈಲು ಕಂಡರು. ತಾನು ಯಾವ ಕಾಯ್ದೆಯಡಿ ಒಳಗಿದ್ದೇನೆಂದು ಓದಿಕೊಳ್ಳಲಾರದವರು ವರ್ಷಗಟ್ಟಲೆ ಒಳಗಿದ್ದರು. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಜನ ನಿರ್ದೋಷಿಗಳೆಂದು ಹೊರಬಂದರು. ಅಷ್ಟರಲ್ಲಿ ಮಕ್ಕಳು ಬೆಳೆದಿದ್ದರು, ಹೊಲ ಬೀಳುಬಿದ್ದಿತ್ತು. ವೀರಪ್ಪನ್ ಬೇಟೆಗೆ ನಿಂತಿದ್ದ ಪೊಲೀಸ್ ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಕೇಳಿತು. ಅದರ ವರದಿಯ ಆಧಾರದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರ ಜನವರಿಯಲ್ಲಿ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು.

ಈ ಇಡೀ ಕಾಲದಲ್ಲಿ ಕೋರ್ಟು ಎರಡು ಸಲ ಸರ್ಕಾರದ ಕೈ ಹಿಡಿದು ನಿಲ್ಲಿಸಿತು.

ಮೊದಲನೆಯದು 2000ದಲ್ಲಿ. ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಮೈಸೂರು ಜೈಲಿನಲ್ಲಿದ್ದ 51 ಟಾಡಾ ಕೈದಿಗಳನ್ನು ಬಿಡಿ ಎಂಬುದು ಅವನ ಬೇಡಿಕೆಗಳಲ್ಲೊಂದು. ನಾಡೇ ಉಸಿರು ಬಿಗಿಹಿಡಿದ ಆ ದಿನಗಳಲ್ಲಿ ಸರ್ಕಾರ ಟಾಡಾ ಆರೋಪ ಕೈಬಿಡಲು ಮುಂದಾಯಿತು. ಮೀಣ್ಯಂನಲ್ಲಿ ಮಗ ಶಕೀಲ್‌ನನ್ನು ಕಳೆದುಕೊಂಡಿದ್ದ ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಂ ಒಬ್ಬರೇ ಸುಪ್ರೀಂ ಕೋರ್ಟಿಗೆ ಹೋದರು. ಬೆದರಿಕೆಗೆ ಮಣಿದು ಕೇಸು ಹಿಂದಕ್ಕೆ ಪಡೆಯುವಂತಿಲ್ಲವೆಂದು ನವೆಂಬರ್ 7ರಂದು ತೀರ್ಪು ಬಂತು. ನವೆಂಬರ್ 15ರಂದು, 108 ದಿನಗಳ ಮೇಲೆ, ರಾಜ್‌ಕುಮಾರ್ ಬಿಡುಗಡೆಯಾದರು.

ಎರಡನೆಯದು ಪಾಲಾರ್ ಕೇಸಿನದು. ಮೈಸೂರಿನಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ನಾಲ್ವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಮರಣದಂಡನೆ ವಿಧಿಸಿತು. ಕ್ಷಮಾದಾನದ ಅರ್ಜಿ ರಾಷ್ಟ್ರಪತಿ ಭವನಕ್ಕೆ ಹೋಯಿತು, ಕೂತಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನಾಲ್ವರೂ ಒಂಬತ್ತು ವರ್ಷ ಪ್ರತಿ ಬೆಳಗನ್ನೂ ಕೊನೆಯದಿರಬಹುದೆಂದು ಎಣಿಸಿದರು. 2013ರ ಫೆಬ್ರುವರಿಯಲ್ಲಿ ಅರ್ಜಿ ತಿರಸ್ಕೃತವಾಯಿತು, ಗಲ್ಲಿನ ಮಾತು ಪತ್ರಿಕೆಗಳಲ್ಲಿ ಬಂತು, ವಕೀಲರು ಮತ್ತೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ, ಇಷ್ಟು ವಿಳಂಬವೇ ಹಿಂಸೆ ಎಂದು ಹೇಳಿ, ಈ ನಾಲ್ವರೂ ಸೇರಿ 15 ಜನರ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಪಾಲಾರ್‌ನಲ್ಲಿ ಸತ್ತ 22 ಜನರ ಮನೆಯವರ ದುಃಖವನ್ನು ನಾನು ಮರೆತಿಲ್ಲ. ಆ ಸಾವುಗಳಿಗೆ ಶಿಕ್ಷೆ ಇತ್ತು, ಜೀವಾವಧಿ. ಒಂಬತ್ತು ವರ್ಷ ಹಗ್ಗ ತೋರಿಸುತ್ತಾ ಕೂರಿಸುವುದು ಯಾವ ತೀರ್ಪಿನಲ್ಲೂ ಬರೆದಿರಲಿಲ್ಲ.

ಈಗ ಆ ಹೊಳೆಯುವ ರಟ್ಟಿನ ಪುಸ್ತಕದ ಜೋಡಿ ಪುಸ್ತಕ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯನ್ನು ತೆಗೆದು 472ನೇ ಕಲಮು ನೋಡಬೇಕು. ಕ್ಷಮಾದಾನದ ಅರ್ಜಿಯನ್ನು ಕೈದಿ 30 ದಿನದೊಳಗೆ ಹಾಕಬೇಕು. ರಾಜ್ಯ ಸರ್ಕಾರದ ಅಭಿಪ್ರಾಯ ಮತ್ತು ಜೈಲಿನ ದಾಖಲೆ ಬಂದ 60 ದಿನದೊಳಗೆ ಕೇಂದ್ರ ಸರ್ಕಾರ ಶಿಫಾರಸು ಕಳಿಸಬೇಕು. ರಾಷ್ಟ್ರಪತಿಗಳ ತೀರ್ಮಾನಕ್ಕೆ ಮಾತ್ರ ಗಡುವಿಲ್ಲ. ಏಳನೇ ಉಪಕಲಮು ಇನ್ನೂ ಮುಂದಕ್ಕೆ ಹೋಗುತ್ತದೆ: ಆ ತೀರ್ಮಾನದ ಮೇಲೆ ಯಾವ ಕೋರ್ಟಿಗೂ ಮೇಲ್ಮನವಿ ಇಲ್ಲ, ಅದಕ್ಕೆ ಬಂದದ್ದು ಹೇಗೆಂದು ಯಾವ ಕೋರ್ಟೂ ವಿಚಾರಿಸುವಂತಿಲ್ಲ. ಸುಪ್ರೀಂ ಕೋರ್ಟಿಗೆ ಹೋಗಲು ಸಂವಿಧಾನ ಕೊಟ್ಟ 32ನೇ ವಿಧಿಯ ಹಕ್ಕನ್ನು ಸಾಮಾನ್ಯ ಕಾಯ್ದೆಯೊಂದು ಕಸಿಯಲಾರದು ಎಂಬ ವಾದ ಗಟ್ಟಿಯಾಗಿಯೇ ಇದೆ. ಆದರೂ ಆ ವಾಕ್ಯ ಪುಸ್ತಕದಲ್ಲಿ ಕೂತಿದೆ. 2014ರಲ್ಲಿ ಈ ಜಿಲ್ಲೆಯ ಕೇಸಿನಲ್ಲಿ ನಾಲ್ಕು ಜೀವ ಉಳಿದದ್ದು ಕೋರ್ಟು ಅದನ್ನೇ ವಿಚಾರಿಸಿದ್ದರಿಂದ.

ಬರೆದದ್ದನ್ನು ತೆಗೆಯಲಾಗದೆಂದೇನೂ ಇಲ್ಲ. 1995ರ ಫೆಬ್ರುವರಿಯಲ್ಲಿ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರ, ಟಾಡಾ ಮುಂದುವರಿಸಬೇಡಿ ಎಂದು ಸಂಸತ್ ಸದಸ್ಯರಿಗೆ ಪತ್ರ ಬರೆದಿದ್ದರು. ಆ ಮೇ ತಿಂಗಳಲ್ಲಿ ಕಾಯ್ದೆಯ ಅವಧಿ ಮುಗಿಯಿತು, ಮತ್ತೆ ಜೀವ ಕೊಡಲಿಲ್ಲ. ಮಾಡಿದ ಕಾನೂನನ್ನು ಬಿಡುವ ಶಕ್ತಿಯೂ ಸಂಸತ್ತಿಗಿದೆ.

ಚಾಮರಾಜನಗರ ಪರಿಶಿಷ್ಟ ಜಾತಿಗೆ ಮೀಸಲಾದ ಲೋಕಸಭಾ ಕ್ಷೇತ್ರ. ರಾಮಾಪುರ, ಮೀಣ್ಯಂ, ಮಾರ್ಟಳ್ಳಿಗಳೂ ಅದರೊಳಗೇ ಬರುತ್ತವೆ. ಇಲ್ಲಿಂದ ದೆಹಲಿಗೆ ಹೋಗುವವರು ಯಾವ ಪಕ್ಷದವರಾದರೂ ಸರಿ, 472ನೇ ಕಲಮಿನ ಏಳನೇ ಉಪಕಲಮನ್ನು ತೆಗೆದುಹಾಕಲು ಒಂದು ಖಾಸಗಿ ಮಸೂದೆ ತರಲಿ, ಅದರ ಮೇಲೆ ತುಂಬಿದ ಸದನದಲ್ಲಿ ಚರ್ಚೆ ಕೇಳಲಿ. ಮತ ಕೇಳಲು ಅವರು ಉಮ್ಮತ್ತೂರಿಗೆ ಬಂದಾಗ ನಾವೂ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳೋಣ.