ಸಂಗೀತದ ಟೀಚರ್ ಇಲ್ಲದ ತರಗತಿಯಲ್ಲಿ ಸಂಗೀತ

ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸಬೇಕಾದವರು ಯಾರು? ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಇದಕ್ಕೆ ಉತ್ತರವಿದೆ. ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು ಎನ್ನುತ್ತದೆ ಅದು. ಒಂದರಿಂದ ಐದನೇ ತರಗತಿಗೆ ಅಂಥ ಮಾತೇ ಇಲ್ಲ. ಅಂದರೆ ಮಗ್ಗಿ, ಕಾಗುಣಿತ ಕಲಿಸುವ ಟೀಚರೇ ಹಾಡನ್ನೂ ಕಲಿಸಬೇಕು. ಮುಂಬಯಿಯಲ್ಲಿ ನಮ್ಮವರು ವಾರಾಂತ್ಯಕ್ಕೆ ನಡೆಸುವ ಕನ್ನಡ ತರಗತಿಗಳ ಕತೆಯೂ ಇಷ್ಟೇ. "ನನಗೆ ಹಾಡೋಕೆ ಬರಲ್ಲ" ಎಂದು ಎಷ್ಟೋ ಮಂದಿ ಅಲ್ಲಿಗೇ ಕೈಬಿಟ್ಟು, ಮೊಬೈಲಿನಲ್ಲಿ ಹಾಡು ಹಾಕಿ ಮಕ್ಕಳನ್ನು ಕೂರಿಸುತ್ತಾರೆ.

ಆದರೆ ಹಾಡಲು ಬರುವುದು ಬೇರೆ, ಹಾಡು ಕಲಿಸಲು ಬರುವುದು ಬೇರೆ. ಚೆನ್ನಾಗಿ ಕೋಡ್ ಬರೆಯುವವರೆಲ್ಲ ಹೊಸಬರಿಗೆ ಒಳ್ಳೆಯ ತರಬೇತಿ ಕೊಡಲಾರರು ಎಂಬುದನ್ನು ನಾವು ಐಟಿಯವರು ದಿನವೂ ನೋಡುತ್ತೇವೆ. ಕಲಿಸುವುದಕ್ಕೆ ಬೇಕಾದದ್ದು ಮೆಟ್ಟಿಲು ಕಟ್ಟುವ ಜಾಣ್ಮೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಸರಳೆ ವರಸೆ, ಜಂಟಿ ವರಸೆಗಳು ಅಂಥ ಮೆಟ್ಟಿಲುಗಳೇ. ಅವನ್ನು ಇಂದಿಗೂ ಮಾಯಾಮಾಳವಗೌಳದಲ್ಲಿ ಹೇಳಿಕೊಡುತ್ತಾರೆ. ಆ ರಾಗದಲ್ಲಿ ಸ-ರಿ-ಗ-ಮ ಹೇಗೋ, ಪ-ದ-ನಿ-ಸ ಹಾಗೆಯೇ. ಅರ್ಧ ಕಲಿತರೆ ಉಳಿದರ್ಧದ ದಾರಿ ತಾನಾಗಿ ತಿಳಿಯುತ್ತದೆ.

ನಮ್ಮ ಗಡಿಗೆ ಹತ್ತಿರದ ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಆರಂಭಿಸಿ, ೧೯೦೮ರಲ್ಲಿ ಮುಂಬಯಿಗೂ ತಂದರು. ಗಾಯಕರ ಜೊತೆಗೆ ಸಂಗೀತ ಕಲಿಸುವವರನ್ನೂ ತಯಾರು ಮಾಡಿದರು. ಇದೇ ಊರಿನ ವಾಲ್ಕೇಶ್ವರದ ವಿಷ್ಣು ನಾರಾಯಣ ಭಾತಖಂಡೆಯವರು ಕ್ರಮಬದ್ಧ ಪಠ್ಯಪುಸ್ತಕಗಳನ್ನು ಬರೆದರು. ಗುರುವಿನ ಮನೆಯ ವಿದ್ಯೆಯನ್ನು ತರಗತಿಗೆ ತಂದವರು ಇವರು. ಆದರೆ ಅವರ ಬಳಿ ಬರುತ್ತಿದ್ದವರು ಸಂಗೀತ ಬೇಕೆಂದು ಬಂದವರು. ಮೂರನೇ ತರಗತಿಯಲ್ಲಿ ಹಾಗಲ್ಲ. ಹಾಡುವ ಮಗು, ಕೂಗುವ ಮಗು, ಬಾಯೇ ಬಿಡದ ಮಗು, ಎಲ್ಲರೂ ಒಂದೇ ಬೆಂಚಿನಲ್ಲಿ.

ಇಂಥ ತರಗತಿಗೆ ಶುರು ಮಾಡಲು ಸುಲಭವಾದದ್ದು ತಾಳ. 'ತಕಿಟ', 'ತಕದಿಮಿ'ಗಳಿಗೆ ನಮ್ಮ ಲೋಕಲ್ ರೈಲಿನ ಸ್ಟೇಷನ್ನುಗಳೇ ಸಾಕು. ವ-ಡಾ-ಲಾ ಎಂದರೆ ತ-ಕಿ-ಟ, ಡೊಂ-ಬಿ-ವ-ಲಿ ಎಂದರೆ ತ-ಕ-ದಿ-ಮಿ, ಅಂ-ಬ-ರ-ನಾ-ಥ ಎಂದರೆ ತ-ಕ-ತ-ಕಿ-ಟ. ಹೇಳುತ್ತ ಚಪ್ಪಾಳೆ ತಟ್ಟಿದರೆ ಮೂರು, ನಾಲ್ಕು, ಐದರ ನಡೆ ಮಕ್ಕಳಿಗೆ ಕೂಡಲೇ ಹಿಡಿಯುತ್ತದೆ. ಆಮೇಲೆ ಆದಿತಾಳ: ಒಂದು ತಟ್ಟು, ಮೂರು ಬೆರಳೆಣಿಕೆ, ಎರಡು ಸಲ ತಟ್ಟು-ಬೀಸು. ಇದಕ್ಕೆ ಹಾರ್ಮೋನಿಯಂ ಬೇಡ, ಮಧುರ ಕಂಠವೂ ಬೇಡ.

ಎರಡನೆಯದು ಶ್ರುತಿ. ದೊಡ್ಡವರ ಗಂಟಲಿಗೆ ಹಿತವಾದದ್ದು ಮಕ್ಕಳಿಗೆ ಬಹಳ ಸಲ ತಗ್ಗಾಗುತ್ತದೆ. ಅಷ್ಟು ತಗ್ಗಿನಲ್ಲಿ ಅವರು ಹಾಡುವುದಿಲ್ಲ, ಗೊಣಗುತ್ತಾರೆ. ಆದ್ದರಿಂದ ಮೊದಲು ಮಕ್ಕಳಿಂದಲೇ ಹಾಡಿಸಿ, ಅವರ ಎತ್ತರಕ್ಕೆ ನಾವು ಹೋಗಬೇಕು. ಸ್ವರ ಸೇರದ ಮಗುವಿಗೂ ಇದೇ ಮದ್ದು. "ಬೇಸುರ, ನೀನು ಸುಮ್ಮನಿರು" ಎಂದರೆ ಆ ಮಗು ಮತ್ತೆ ಬಾಯಿ ತೆರೆಯುವುದೇ ಅನುಮಾನ. ಅದರ ಬದಲು, ಮಗು ಹಿಡಿದ ಸ್ವರವನ್ನೇ ನಾವೂ ಹಿಡಿಯಬೇಕು. ಇಬ್ಬರ ದನಿ ಸೇರಿದಾಗ ಮಗುವಿಗೆ ಅದು ಕಿವಿಯಲ್ಲಿ ಗೊತ್ತಾಗುತ್ತದೆ. ಅಲ್ಲಿಂದ ಒಟ್ಟಿಗೆ ಒಂದೊಂದೇ ಸ್ವರ ಮೇಲೆ ಹತ್ತಬೇಕು. ಕಲಿಸುವವರು ಅಭ್ಯಾಸ ಮಾಡಬೇಕಾದದ್ದು ಮುಖ್ಯವಾಗಿ ಇದನ್ನು, ಕೇಳಿಸಿಕೊಳ್ಳುವುದನ್ನು.

ಮೂರನೆಯದು ಹಾಡಿನ ಆಯ್ಕೆ. ಮಕ್ಕಳ ಸಂಗೀತ ಶಿಕ್ಷಣ ತಾಯ್ನುಡಿಯ ಜನಪದ ಹಾಡಿನಿಂದ ಶುರುವಾಗಬೇಕು ಎಂದು ಪಟ್ಟು ಹಿಡಿದವರು ಹಂಗೇರಿಯ ಸಂಗೀತಗಾರ ಜೋಲ್ತಾನ್ ಕೊಡಾಯ್ (೧೮೮೨-೧೯೬೭). ನಮಗೆ ಕೋಲಾಟದ ಪದಗಳಿವೆ, ಪಂಜೆ ಮಂಗೇಶರಾಯರು ಮತ್ತು ಜಿ.ಪಿ. ರಾಜರತ್ನಂ ಬರೆದ ಮಕ್ಕಳ ಪದ್ಯಗಳಿವೆ. ನಾಲ್ಕೈದು ಸ್ವರಗಳೊಳಗೆ ಓಡಾಡುವ, ಸಾಲು ಚಿಕ್ಕದಾದ ಹಾಡನ್ನು ಆರಿಸಿ, ಒಂದು ಸಾಲು ನಾವು, ಒಂದು ಸಾಲು ಅವರು ಎಂದು ಹೇಳಿಕೊಡಬೇಕು.

ಇಷ್ಟೆಲ್ಲ ಯಾಕೆ? ಇಲ್ಲಿ ಬೆಳೆಯುವ ನಮ್ಮ ಎಷ್ಟೋ ಮಕ್ಕಳು ಮೈದಾನದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಅಥವಾ ಮರಾಠಿ ಮಾತಾಡುತ್ತಾರೆ. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ವಾಕ್ಯದಲ್ಲಿ ಉತ್ತರಿಸಿ ಓಡುತ್ತಾರೆ. ಅದೇ ಮಗು ಹಾಡುವಾಗ ಇಡೀ ಸಾಲನ್ನು ತಡವರಿಸದೆ ಹೇಳುತ್ತದೆ. ಳ-ಲ, ಣ-ನ ವ್ಯತ್ಯಾಸ ನಾಲಗೆಗೆ ತಾನಾಗಿ ಬರುತ್ತದೆ. ಸಂಗೀತದ ಟೀಚರ್ ಬರಲಿ ಎಂದು ಕಾಯುತ್ತ ಕೂತರೆ ಈ ವಯಸ್ಸು ಕಾಯುವುದಿಲ್ಲ. ನಿಮ್ಮ ಸಂಘದ ಮುಂದಿನ ತರಗತಿಯಲ್ಲಿ ಹತ್ತೇ ನಿಮಿಷ ಬಿಡುವು ಮಾಡಿಕೊಳ್ಳಿ. ಮೊಬೈಲ್ ಚೀಲದಲ್ಲಿರಲಿ, ಚಪ್ಪಾಳೆಯಿಂದ ಶುರು ಮಾಡಿ.