ಮೊಗ್ರಾ ಅತ್ತರಿಗೆ ಗಂಡು–ಹೆಣ್ಣಿನ ಭೇದವಿಲ್ಲ

ಸಾಂಗ್ಲಿ–ಮಿರಜಗಳ ನಡುವಿನ ವಿಶ್ರಾಮಬಾಗದಲ್ಲಿ ಇವತ್ತು ಸೆಂಟು ಕೊಳ್ಳಹೊರಟರೆ ಅಂಗಡಿಯ ಕಪಾಟು ಮೊದಲೇ ಎರಡು ಪಾಲಾಗಿರುತ್ತದೆ. ಕಪ್ಪು, ಕಡುನೀಲಿ ಬಾಟಲಿಗಳು ಗಂಡಸರಿಗೆ. ಹೂವಿನ ಪರಿಮಳದ ತೆಳುಬಣ್ಣದವು ಹೆಂಗಸರಿಗೆ. ಅಲ್ಲಿಂದ ಮಿರಜಿನ ಬಸ್ಸು ಹತ್ತಿ ಖ್ವಾಜಾ ಶಂಸುದ್ದೀನ ಮೀರಾಸಾಹೇಬರ ದರ್ಗಾದ ಕಡೆ ಬಂದರೆ ಈ ವಾಟಣಿ ಇಲ್ಲ. ಗುಲಾಬ, ಮೊಗ್ರಾ, ಕೇವಡಾ, ಖಸ್, ಹೀನಾ ಎಲ್ಲವೂ ಒಂದೇ ಸಾಲಿನ ಪುಟ್ಟ ಶೀಶೆಗಳು. ಅತ್ತರಿನ ಹಳೆಯ ಲೆಕ್ಕ ಋತುವಿನದು: ಬೇಸಿಗೆಗೆ ಖಸ್, ಗುಲಾಬ, ಮೊಗ್ರಾ, ಚಳಿಗೆ ಹೀನಾ, ಶಮಾಮಾ.

ಈ ಭಾಗದ ಮದುವೆ, ಸಭೆಗಳಲ್ಲಿ ಪಾನಸುಪಾರಿಯ ಜೊತೆ ಅತ್ತರ–ಗುಲಾಬ ಕೊಡುವ ಪದ್ಧತಿ ಹಿರಿಯರಿಗೆಲ್ಲ ಗೊತ್ತು. ಗುಲಾಬದಾನಿಯಿಂದ ನೀರು ಚಿಮುಕಿಸಿ, ಹಿಂಗೈಗೆ ಅತ್ತರು ಸವರುತ್ತಿದ್ದರು. ಮೀಸೆ ತಿರುವಿದ ಗೌಡರಿಗೂ ಅದೇ ಮೊಗ್ರಾ, ಅವರ ಮನೆಯವರಿಗೂ ಅದೇ. ಅತ್ತರಿನಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಕಿವಿಯ ಮಡಿಕೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದವರು ಹೆಚ್ಚಾಗಿ ಗಂಡಸರೇ.

ಇದರ ಬೇರು ಈ ನೆಲದಲ್ಲೇ ಆಳವಾಗಿದೆ. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ಜಲಶೋಧ, ವೃಕ್ಷಾಯುರ್ವೇದಗಳ ಪಂಕ್ತಿಯಲ್ಲೇ ಸುಗಂಧ ತಯಾರಿಕೆಗೂ ಒಂದು ಅಧ್ಯಾಯವಿದೆ. ನೂರು ವರ್ಷದ ನಂತರ ಕಲ್ಯಾಣದ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳನ್ನು ಎಣಿಸುವಾಗ ತಾಂಬೂಲ, ವಿಲೇಪನ, ವಸ್ತ್ರ, ಹೂಮಾಲೆಗಳನ್ನು ಒಂದೊಂದಾಗಿ ವಿವರಿಸಿದ. ಹೂ ಮುಡಿದರೆ ಅರಸನ ಗತ್ತಿಗೆ ಕುಂದು ಎಂಬ ಭಾವ ಅಲ್ಲಿ ಸುಳಿಯುವುದೇ ಇಲ್ಲ.

ಮಿರಜ ಆಮೇಲೆ ಆದಿಲಶಾಹಿಯ ಕೈಗೆ ಬಂತು. ವಿಜಯಪುರದಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನ ಹೆಸರಿಗೆ ಸುಗಂಧದ ಒಂದು ಗ್ರಂಥವೇ ಹುಟ್ಟಿತು, ‘ಇತ್ರ್–ಎ–ನೌರಸ್ ಶಾಹಿ’. ಈ ಇಬ್ರಾಹಿಂ ಎಂಥವನು? ತನ್ನ ‘ಕಿತಾಬ್–ಎ–ನೌರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದವನು, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಅಕ್ಕರೆ ಮಾಡಿದವನು, ಜನರಿಂದ ಜಗದ್ಗುರು ಎನಿಸಿಕೊಂಡವನು. ಹೂವಿನ ಅತ್ತರು ಒಂದು ವ್ಯಕ್ತಿತ್ವವನ್ನು ಕಣ್ಣಮುಂದೆ ತರುವುದಾದರೆ ಅದು ಇಂಥ ಮನುಷ್ಯನದೇ. ಅಧಿಕಾರವಿದ್ದೂ ಗಡಸಾಗದವನು.

ಅತ್ತರು ಇಳಿಸುವ ಕೆಲಸದ ದೊಡ್ಡ ಕೇಂದ್ರ ಉತ್ತರಪ್ರದೇಶದ ಕನೌಜ್. ತಾಮ್ರದ ಹಂಡೆಗೆ, ಅಂದರೆ ಅವರ ‘ದೇಗ್’ಗೆ, ಹೂವು ಮತ್ತು ನೀರು ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ ಬಿಗಿಯುತ್ತಾರೆ. ಅಡಿಗೆ ಸೌದೆ ಉರಿ. ಆವಿ ಬಿದಿರಿನ ಕೊಳವೆಯ ಮೂಲಕ ‘ಭಪ್ಕಾ’ ಎಂಬ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ಅದು ತಣ್ಣೀರಿನ ತೊಟ್ಟಿಯಲ್ಲಿ ಕುಳಿತಿರುತ್ತದೆ, ಅದರೊಳಗೆ ಮೊದಲೇ ಗಂಧದೆಣ್ಣೆ ಇರುತ್ತದೆ. ಮಾಪಕ, ಗಡಿಯಾರಗಳ ಹಂಗಿಲ್ಲ. ಕೆಲಸಗಾರ ನೀರೊಳಗೆ ಕೈಯಿಟ್ಟು ಭಪ್ಕಾದ ಮೈ ಮುಟ್ಟಿ, ಅದರ ಬಿಸಿಯಿಂದಲೇ ಎಷ್ಟು ಇಳಿದಿದೆ ಎಂದು ತಿಳಿಯುತ್ತಾನೆ. ಮರುದಿನ ಹೊಸ ಹೂವು, ಎಣ್ಣೆ ಮಾತ್ರ ಅದೇ. ಹೀಗೆ ದಿನದಿನವೂ ಹೂವನ್ನು ಕುಡಿಯುತ್ತ ಹೋಗುವ ಈ ಎಣ್ಣೆಯಲ್ಲಿ ಕರ್ನಾಟಕದ ಪಾಲು ಬಲು ದೊಡ್ಡದು. ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧದ ಕೊರಡು ಯುರೋಪಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನ 1916ರಲ್ಲಿ ಬೆಂಗಳೂರಿನಲ್ಲಿ ತಾನೇ ಗಂಧದೆಣ್ಣೆ ತೆಗೆಯತೊಡಗಿತು.

ಪಶ್ಚಿಮದಲ್ಲೂ ಮೊದಲು ಗೆರೆ ಇಷ್ಟು ಗಟ್ಟಿಯಾಗಿರಲಿಲ್ಲ. ಕಲೋನ್ ನಗರದಲ್ಲಿ 1709ರಲ್ಲಿ ಫರೀನಾ ಮನೆತನ ಶುರುಮಾಡಿದ ಕಲೋನ್ ನೀರನ್ನು ಗಂಡಸರೂ ಹೆಂಗಸರೂ ಬಳಸಿದರು. ನೆಪೋಲಿಯನ್ ಅಂತೂ ಧಾರಾಳವಾಗಿ ಸುರಿದುಕೊಳ್ಳುತ್ತಿದ್ದ. ಗಂಡಿಗೊಂದು, ಹೆಣ್ಣಿಗೊಂದು ಎಂಬುದು ಗಟ್ಟಿಯಾಗಿದ್ದು ಇಪ್ಪತ್ತನೆಯ ಶತಮಾನದ ಮಾರಾಟ, ಜಾಹೀರಾತುಗಳಿಂದ. ಆದರೂ ಹೂವು ಹಿತ್ತಲ ಬಾಗಿಲಿನಿಂದ ಒಳಗೆ ಬಂತು. 1966ರಲ್ಲಿ ಎಡ್ಮಂಡ್ ರೂದ್ನಿಟ್ಸ್ಕಾ ಡಿಯೋರ್ ಕಂಪನಿಗೆ ‘ಓ ಸೊವಾಜ್’ ಎಂಬ ಗಂಡಸರ ಸುಗಂಧ ಮಾಡಿಕೊಟ್ಟಾಗ ಅದರ ಜೀವಾಳ ಹೆಡಿಯೋನ್, ಮಲ್ಲಿಗೆಯನ್ನು ನೆನಪಿಸುವ ಒಂದು ರಾಸಾಯನಿಕ. ‘ಸಿಕೆ ವನ್’ ಎಂಬ ಸೆಂಟು 1994ರಲ್ಲಿ ಇಬ್ಬರಿಗೂ ಒಂದೇ ಸೀಸೆ ಎಂದು ಸಾರಿದಾಗ ಜಗತ್ತು ಅದನ್ನು ಹೊಸದೆಂದು ಕೊಂಡಿತು. ಮಿರಜಿನವರಿಗೆ ಇದರಲ್ಲಿ ಹೊಸದೇನಿತ್ತು?

ಮೊಗ್ರಾ, ಅಂದರೆ ನಮ್ಮ ದುಂಡುಮಲ್ಲಿಗೆ, ಬರೀ ಸಿಹಿಯ ಹೂವಲ್ಲ. ಅದರಲ್ಲಿ ಇಂಡೋಲ್ ಎಂಬ ಅಂಶವಿದೆ. ಹೆಚ್ಚಾದರೆ ಕೊಳೆತ ವಾಸನೆ, ಹದದಲ್ಲಿದ್ದರೆ ಪರಿಮಳಕ್ಕೆ ತೂಕ. ಜೊತೆಗೆ ಅತ್ತರಿನಲ್ಲಿ ಮದ್ಯಸಾರ ಇರುವುದಿಲ್ಲ. ನಮಾಜಿಗೆ ಹೋಗುವವರು ನಿರಾಳವಾಗಿ ಹಚ್ಚಿಕೊಳ್ಳುವುದು ಅದಕ್ಕೇ. ಅದು ಸ್ಪ್ರೇಯಂತೆ ಕೋಣೆಯೆಲ್ಲ ಹರಡದೆ ಮೈಗೆ ಅಂಟಿ ನಿಲ್ಲುತ್ತದೆ. ಹೀಗಾಗಿ ಮೊಗ್ರಾದವರು ಎದುರಿಗೆ ಬಂದಾಗ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಕೂತಾಗ ಗೊತ್ತಾಗುತ್ತಾರೆ.

ಈಗ ಶ್ರೀಗಂಧ ದುಬಾರಿಯಾಗಿ, ಅಗ್ಗದ ಅತ್ತರುಗಳ ತಳದಲ್ಲಿ ಪ್ಯಾರಾಫಿನ್ ಎಣ್ಣೆ ಸೇರಿದೆ. ಇದು ಸಣ್ಣ ನಷ್ಟವಲ್ಲ; ಹೂವನ್ನು ಹಿಡಿದಿಡುತ್ತಿದ್ದದ್ದೇ ಆ ಗಂಧ. ತಿಳಿದವರು ಹಿಂಗೈಗೆ ಒಂದು ಬೊಟ್ಟು ಹಚ್ಚಿ, ತಾಸು ಬಿಟ್ಟು ಮತ್ತೆ ಮೂಸುತ್ತಾರೆ. ಮೊಗ್ರಾ ಇಳಿದ ಮೇಲೂ ಅಡಿಯಲ್ಲಿ ಗಂಧ ಉಳಿದಿದ್ದರೆ ಬೆಲೆಯ ಮಾತಿಗೆ ಕೂರುತ್ತಾರೆ.