ನರದ ಪರೀಕ್ಷೆ: ಮಕ್ಕಳಿಗೆ ಎಷ್ಟು ನೋವು?

ಆರು ವರ್ಷದ ಮಗಳಿಗೆ ಡಾಕ್ಟರು ನರ ಮತ್ತು ಸ್ನಾಯುವಿನ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಕರೆಂಟು ಕೊಡುತ್ತಾರಂತೆ, ಸೂಜಿ ಚುಚ್ಚುತ್ತಾರಂತೆ. ತುಂಬಾ ನೋವಾಗುತ್ತದೆಯೇ?

ನೋವು ಇರುತ್ತದೆ, ಆದರೆ ಹೆಚ್ಚಿನ ಮಕ್ಕಳು ತಡೆದುಕೊಳ್ಳುವಷ್ಟು. ಮೊದಲು ನರದ ವೇಗ ಅಳೆಯುತ್ತಾರೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಕರೆಂಟು ಹಾಯಿಸುತ್ತಾರೆ. ಮೊಣಕೈ ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುತ್ತದಲ್ಲ, ಹೆಚ್ಚುಕಡಿಮೆ ಅದೇ ಅನುಭವ. ಅಲ್ಲೂ ಕೆರಳುವುದು ನರವೇ. ಬೆರಳು ತಾನಾಗಿ ಎಗರುವುದನ್ನು ಕಂಡು ಕೆಲವು ಮಕ್ಕಳು ಬೆಚ್ಚುತ್ತಾರೆ, ಕೆಲವರು ನಗುತ್ತಾರೆ.

ಆಮೇಲೆ ಬೇಕೆನಿಸಿದರೆ ಸೂಜಿ. ಅದರಲ್ಲಿ ಔಷಧಿಯೂ ಇಲ್ಲ, ಕರೆಂಟೂ ಇಲ್ಲ. ಸ್ನಾಯು ತಾನೇ ಹೊರಡಿಸುವ ವಿದ್ಯುತ್ ಸಂಕೇತವನ್ನು ಅದು ಹಿಡಿಯುತ್ತದೆ. ಯಂತ್ರ ಅದನ್ನು ಚಟಪಟ ಸದ್ದಾಗಿ ಕೇಳಿಸುತ್ತದೆ. ಸುಮಾರು ಒಂದು ಗಂಟೆ ಮೊದಲು ಮರಗಟ್ಟಿಸುವ ಮುಲಾಮು ಹಚ್ಚಿದರೆ ಚರ್ಮದ ಚುಚ್ಚುನೋವು ತಗ್ಗುತ್ತದೆ, ಸ್ನಾಯುವಿನೊಳಗಿನ ನೋವು ತಗ್ಗುವುದಿಲ್ಲ. ಇನ್ನು ಭಯ: ಅದು ಇದ್ದ ನೋವನ್ನೇ ಮಿದುಳಿನಲ್ಲಿ ದೊಡ್ಡದು ಮಾಡುತ್ತದೆ. ‘ಏನೂ ಆಗಲ್ಲ’ ಎಂಬ ಸುಳ್ಳು ಮೊದಲ ಶಾಕಿಗೇ ಬಯಲಾಗುತ್ತದೆ. ‘ಸ್ವಲ್ಪ ಜುಮ್ಮೆನ್ನುತ್ತೆ ಪುಟ್ಟಿ, ನಾನು ಪಕ್ಕದಲ್ಲೇ ಇರ್ತೀನಿ’ ಎನ್ನಿ, ಕೈ ಹಿಡಿದು ಕತೆ ಹೇಳಿ. ಮುಲಾಮಿನ ವಿಷಯ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.